ಒಂದೇ ಚರ್ಚಿನ ಇಬ್ಬರು ಬೇಡ

ಅಕ್ಟೋಬರ್ 5, ಭಾನುವಾರ. ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ಬರೆಯಲು ಕುಳಿತಿದ್ದೇನೆ.

ಸೆರಫಿನ್ ಬಾಯಿ ಯಾವ ಮನೆಗೆ ಹೋದರೂ ಹಾಸಿಗೆ ಹಿಡಿದವರ ಮುಖ ನೋಡುವ ಮೊದಲು ಕಾಲುಗುರು ನೋಡುತ್ತಿದ್ದರು. ಹೊದಿಕೆಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ, ಕನ್ನಡಕವನ್ನು ಮೂಗಿನ ಮೇಲೆ ಇಳಿಸಿಕೊಂಡು, ಹತ್ತೂ ಬೆರಳುಗಳನ್ನು ಒಂದೊಂದಾಗಿ ನೋಡಿದ ಮೇಲೆಯೇ "ಹೇಗಿದ್ದೀರಿ?" ಎನ್ನುತ್ತಿದ್ದರು. ಯಾಕೆ ಹೀಗೆ ಎಂದು ಮೊದಲ ದಿನವೇ ಕೇಳಿದ್ದೆ.

"ಮುಖ ಎಲ್ಲರೂ ತೊಳಸ್ತಾರೆ ಮಾರಾಯ್ತಿ, ನೆಂಟರು ನೋಡ್ತಾರಲ್ಲ. ಕಾಲುಗುರು ಯಾರು ನೋಡ್ತಾರೆ? ಮನೆಯವರ ಕೈ ಸೋತಿದ್ಯಾ ಇಲ್ವಾ ಅಂತ ಅದೇ ಹೇಳ್ತದೆ."

ಉಗುರು ಬೆಳೆದಿದ್ದರೆ ಅವರು ಮನೆಯವರನ್ನು ಬೈಯುತ್ತಿರಲಿಲ್ಲ. ತಮ್ಮ ನೀಲಿ ಪ್ಲಾಸ್ಟಿಕ್ ಬುಟ್ಟಿಯಿಂದ ಉಗುರು ಕತ್ತರಿ ತೆಗೆದು ಕೆಲಸ ಶುರು ಮಾಡುತ್ತಿದ್ದರು. ಕತ್ತರಿಸಿದ ಚೂರುಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಬುಟ್ಟಿಗೇ ಹಾಕಿಕೊಳ್ಳುತ್ತಿದ್ದರು. ಆಮೇಲೆ ಮನೆಯಾಕೆಗೆ "ನೀವು ಹೋಗಿ ಒಂದರ್ಧ ಗಂಟೆ ಮಲಗಿ" ಎನ್ನುತ್ತಿದ್ದರು.

ನಾನು ಅವರನ್ನು ಕಂಡಾಗ ಅವರಿಗೆ ಅರವತ್ತೆಂಟು. ನರ್ಸ್ ಆಗಿ ನಿವೃತ್ತರಾಗಿ, ಸಾಗರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬರೇ ಇದ್ದರು. ಕೊಂಕಣಿ ಮನೆಮಾತಿನ ಕ್ಯಾಥೊಲಿಕರು; ಬಾಯಿ ಎನ್ನುವುದು ಆ ಮಾತಿನಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ರೀತಿ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ನಾನು ಸಾಗರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ, ಪ್ರಾಟೆಸ್ಟೆಂಟ್ ಸಭೆಯವಳು. ಬಾಯಿ ವಾರಕ್ಕೊಮ್ಮೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಸಲೈನ್, ಕೈಗವಸು ಕೊಳ್ಳಲು ಬರುತ್ತಿದ್ದರು. ಏನು ಕೊಂಡರು, ಎಷ್ಟು ದಿನಕ್ಕೆ ಖಾಲಿಯಾಯಿತು ಎಂದು ನಾನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಏಳನೇ ವಾರ ಅವರು ಬಂದಾಗ, ಕೇಳುವ ಮೊದಲೇ ಎಲ್ಲವನ್ನೂ ಕಟ್ಟಿ ಇಟ್ಟಿದ್ದೆ. ಅವರು ಪೊಟ್ಟಣ ಬಿಚ್ಚಿ ಎಣಿಸಿ, ನನ್ನ ಮುಖ ನೋಡಿದರು.

"ಲೆಕ್ಕದ ಹುಡುಗಿ ನೀನು. ಯಾವ ಚರ್ಚು?"

ಹೇಳಿದೆ.

"ಒಳ್ಳೇದಾಯ್ತು. ನಂಗೆ ನಿಮ್ಮ ಚರ್ಚಿನವರು ಒಬ್ಬರು ಕಮ್ಮಿ ಇದ್ರು. ಭಾನುವಾರ ಆರಾಧನೆ ಮುಗಿಸಿ ಬಾ."

ಹಾಗೆ, ಮೂರು ವರ್ಷಗಳ ಹಿಂದಿನ ಜೂನ್ 19, ಭಾನುವಾರ, ನಾನು ಸೇರಿಕೊಂಡೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಸೇರಿ ಆಗ ರೋಗಿಗಳಿದ್ದ ಹದಿನಾಲ್ಕು ಮನೆಗಳಿಗೆ ಹೋಗುವುದಿತ್ತು. ಹೋಗುವವರು ನಾಲ್ಕು ಚರ್ಚಿನವರು: ಬಾಯಿಯ ಕಡೆಯ ಕ್ಯಾಥೊಲಿಕರು, ನಮ್ಮವರು, ತೀರ್ಥಹಳ್ಳಿಯ ಪೆಂಟೆಕೋಸ್ಟ್ ಸಭೆಯವರು, ಹೊಸನಗರದ ಕಡೆ ನೆಲೆಸಿದ ಮಲಯಾಳಿ ಸಿರಿಯನ್ ಕ್ರೈಸ್ತರು. ಈ ಗುಂಪಿಗೆ ಹೆಸರಿರಲಿಲ್ಲ. ಒಂದು ಹೆಸರಿಡೋಣ ಎಂದು ಯಾರೋ ಅಂದಾಗ ಬಾಯಿ, "ಹೆಸರಿಟ್ರೆ ಬೋರ್ಡು ಬೇಕು. ಬೋರ್ಡು ಬಂದ್ರೆ ಅಧ್ಯಕ್ಷರು ಬೇಕು. ಅಧ್ಯಕ್ಷರು ಬಂದ್ರೆ ಉಗುರು ಕತ್ತರಿಸೋದು ಯಾರು?" ಎಂದರಂತೆ.

ಅವರಿಗೆ ಇದ್ದದ್ದು ಎರಡೇ ನಿಯಮ. ಒಂದು, ಮನೆಗೆ ಇಬ್ಬರೇ ಹೋಗಬೇಕು, ಒಂದೇ ಚರ್ಚಿನ ಇಬ್ಬರು ಹೋಗಬಾರದು. ಎರಡು, ರೋಗಿ ಕೇಳದೆ ಪ್ರಾರ್ಥನೆ ಮಾಡಬಾರದು, ಯಾವ ಕಾಗದವನ್ನೂ ಬಿಟ್ಟು ಬರಬಾರದು. ಹದಿನಾಲ್ಕರಲ್ಲಿ ಒಂಬತ್ತು ಮನೆಗಳು ಕ್ರೈಸ್ತರದಲ್ಲ. "ಒಂದೇ ಚರ್ಚಿನ ಇಬ್ಬರು ಹೋದ್ರೆ ಅದು ಆ ಚರ್ಚಿನ ಭೇಟಿ ಆಗ್ತದೆ. ಬೇರೆ ಬೇರೆಯವರು ಹೋದ್ರೆ ರೋಗೀನ ನೋಡೋಕೆ ಹೋದ ಹಾಗೆ ಆಗ್ತದೆ" ಎನ್ನುತ್ತಿದ್ದರು.

ಜೋಡಿಗಳ ನಡುವೆ ಜಗಳ ಆಗುತ್ತಿರಲಿಲ್ಲ ಎಂದಲ್ಲ. ಹೊಸನಗರದ ಥಾಮಸಣ್ಣ, ಸಿರಿಯನ್ ಕ್ರೈಸ್ತರು, ತಮ್ಮ ಓಮ್ನಿಯಲ್ಲಿ ನಮ್ಮನ್ನು ಬಸ್ ಸ್ಟ್ಯಾಂಡಿನಿಂದ ಕರೆದೊಯ್ದು, ಇಬ್ಬಿಬ್ಬರನ್ನು ಒಂದೊಂದು ಮನೆಯ ಮುಂದೆ ಇಳಿಸುತ್ತಿದ್ದರು. ತೀರ್ಥಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಸುವಾರ್ತಮ್ಮ ಪೆಂಟೆಕೋಸ್ಟ್ ಸಭೆಯವರು. ಈ ಇಬ್ಬರೂ ಗಾಡಿ ಹತ್ತಿದ ಕೂಡಲೇ ದೀಕ್ಷಾಸ್ನಾನದ ವಾದ ಶುರು ಮಾಡುತ್ತಿದ್ದರು.

"ತಲೆಗೆ ನಾಕು ಹನಿ ಹಾಕಿದ್ರೆ ಅದು ಸ್ನಾನವಾ ಥಾಮಸಣ್ಣ? ಪೂರ್ತಿ ಮುಳುಗ್ಬೇಕು."

"ಮುಳುಗಿದವರೆಲ್ಲ ಪರಲೋಕಕ್ಕೆ ಹೋಗೋದಾದ್ರೆ ಹೊಳೇಲಿರೋ ಮೀನು ಮೊದಲು ಹೋಗ್ಬೇಕು ಸುವಾರ್ತಮ್ಮ."

ಹಿಂದಿನ ಸೀಟಿನಿಂದ ಬಾಯಿ: "ಹುಚ್ಚಪ್ಪಂಗೆ ಸ್ನಾನ ಆಗಿ ನಾಕು ದಿನ ಆಯ್ತು. ಮೊದ್ಲು ಅವನಿಗೆ ನೀರು ಹಾಕಿ. ಹನಿ ಹಾಕ್ತೀರೋ ಮುಳುಗಿಸ್ತೀರೋ ನೀವೇ ಮಾತಾಡ್ಕೊಳ್ಳಿ."

ವಾದ ಗಾಡಿಯೊಳಗೆ ಎಷ್ಟು ಬೇಕಾದರೂ ನಡೆಯಬಹುದಿತ್ತು. ಗಾಡಿ ನಿಂತ ಮೇಲೆ ಒಂದು ಮಾತೂ ಕೂಡದು. ನನ್ನ ಡೈರಿಯ ಪ್ರಕಾರ ಈ ದೀಕ್ಷಾಸ್ನಾನದ ವಾದ ಇಪ್ಪತ್ತಮೂರು ಸಲ ನಡೆದಿದೆ. ತೀರ್ಮಾನ ಆಗಿಲ್ಲ.

ಹುಚ್ಚಪ್ಪನ ಮನೆ ಹೊಸನಗರದಿಂದ ಎಂಟು ಕಿಲೋಮೀಟರ್. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಅವರ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಮಲಗಿ ಮಲಗಿ ಬೆನ್ನಿನ ಬುಡದಲ್ಲಿ ಹುಣ್ಣಾಗಿತ್ತು. ಹೆಂಡತಿ ಗಂಗಮ್ಮ ಅವರನ್ನು ಹಗಲೆಲ್ಲ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರು. ಆದರೆ ಕಣ್ಣಿಗೆ ಪೊರೆ ಬಂದಿದ್ದರಿಂದ ಹುಣ್ಣು ತೊಳೆದು ಕಟ್ಟಲು ಅವರಿಂದ ಆಗುತ್ತಿರಲಿಲ್ಲ. ಅದಕ್ಕೆ ನಾವು ಭಾನುವಾರ, ಮಂಗಳವಾರ, ಗುರುವಾರ ಹೋಗುತ್ತಿದ್ದೆವು. ಹುಚ್ಚಪ್ಪ ನಮ್ಮನ್ನು ಕಂಡ ಕೂಡಲೇ ಮಲಗಿದಲ್ಲಿಂದಲೇ "ಬಂದ್ರಾ? ಇವತ್ತು ಯಾವ ಯಾವ ಮಿಕ್ಸು?" ಎಂದು ಕೇಳುತ್ತಿದ್ದರು.

ಇನ್ನು ನನ್ನ ತಪ್ಪಿನ ವಿಷಯ. ಅದು ಎರಡು ವರ್ಷಗಳ ಹಿಂದಿನ ಡಿಸೆಂಬರ್. ಬಾಯಿ ತಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಹತ್ತು ದಿನ ಹೊನ್ನಾವರಕ್ಕೆ ಹೋಗಿದ್ದರು. ನಾಲ್ಕೂ ಚರ್ಚಿನವರು ಸೇರಿ ಕ್ರಿಸ್ಮಸ್ ಕೂಟ ಮಾಡುವುದಿತ್ತು. ಅದಕ್ಕೆ ಉಪಯೋಗವಾಗಲಿ ಎಂದು ನಾನು ವರ್ಷದ ಭೇಟಿಗಳನ್ನೆಲ್ಲ ಒಂದು ಕೋಷ್ಟಕ ಮಾಡಿದೆ. ಮನೆಯ ಹೆಸರು, ದಿನಾಂಕ, ಹೋದವರು, ಚರ್ಚು. ಕೊನೆಯ ಸಾಲಿನಲ್ಲಿ ಚರ್ಚುವಾರು ಮೊತ್ತ. ಎರಡು ಸಲ ಕೂಡಿ ತಾಳೆ ನೋಡಿ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ.

ಅರ್ಧ ಗಂಟೆ ಚಪ್ಪಾಳೆಯ ಚಿತ್ರಗಳು ಬಂದವು. ಆಮೇಲೆ ಫೋನುಗಳು. ಕಡಿಮೆ ಮೊತ್ತದವರಿಗೆ ತಮ್ಮ ಸಭೆಯ ಹಿರಿಯರಿಂದ ಪ್ರಶ್ನೆ ಬಂದಿತ್ತು. ಹೆಚ್ಚು ಮೊತ್ತದವರು ನನ್ನ ಕೋಷ್ಟಕವನ್ನು ತಮ್ಮ ತಮ್ಮ ಗ್ರೂಪುಗಳಿಗೆ ಕಳಿಸಿದ್ದರು. ನಮ್ಮ ಸಭೆಯದೇ ಕೊನೆಯ ಸ್ಥಾನ. ನಮ್ಮ ಹಿರಿಯರೊಬ್ಬರು ನನ್ನನ್ನೇ ಕರೆದು, "ಅಲ್ಲಮ್ಮ, ಬರೆಯೋಳು ನೀನೇ. ನಮ್ಮವರನ್ನೇ ಕೆಳಗೆ ಹಾಕಿದ್ಯಲ್ಲ?" ಎಂದರು. ಎರಡನೇ ದಿನಕ್ಕೆ ಥಾಮಸಣ್ಣನ ಚರ್ಚಿನವರು, ಇನ್ನು ನಮ್ಮ ಗಾಡಿಯಲ್ಲಿ ನಮ್ಮವರೇ ಇಬ್ಬರು ಹೋಗುತ್ತೇವೆ ಎಂದರು. ಉಳಿದವರೂ ಹಾಗೇ ಅಂದರು. ಜೋಡಿಗಳು ಮುರಿದವು.

ಡಿಸೆಂಬರ್ 17, ಭಾನುವಾರ, ಹುಚ್ಚಪ್ಪನ ಮನೆಗೆ ಎರಡು ತಂಡಗಳು ಹೋದವು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಬೆಳಿಗ್ಗೆ ಕಟ್ಟಿದ್ದನ್ನು ಮಧ್ಯಾಹ್ನ ಬಿಚ್ಚಿ ಮತ್ತೆ ಕಟ್ಟಿದರು. ಮಂಗಳವಾರ ಅವರು ಹೋಗುತ್ತಾರೆಂದು ಇವರು, ಇವರು ಹೋಗುತ್ತಾರೆಂದು ಅವರು ಸುಮ್ಮನಿದ್ದರು. ಗುರುವಾರವೂ ಹಾಗೆಯೇ. ನನಗೆ ಮಂಗಳವಾರ ಸಂಜೆಯೇ ಅನುಮಾನ ಬಂದಿತ್ತು. ಯಾರನ್ನು ಕೇಳಿದರೂ ಲೆಕ್ಕ ಕೇಳಿದಂತಾಗುತ್ತದೆ ಎಂದು ಹೆದರಿ ಕೇಳಲಿಲ್ಲ. ಇದನ್ನು ಅಂದಿನ ಡೈರಿಯಲ್ಲೂ ಬರೆದಿಲ್ಲ. ಈಗ ಬರೆಯುತ್ತಿದ್ದೇನೆ.

ಶುಕ್ರವಾರ ಬಾಯಿ ಊರಿಗೆ ಮರಳಿದರು. ಶನಿವಾರ ಬೆಳಿಗ್ಗೆ ನನ್ನನ್ನು, ಥಾಮಸಣ್ಣನನ್ನು, ಸುವಾರ್ತಮ್ಮನನ್ನು ಕರೆದುಕೊಂಡು ಹುಚ್ಚಪ್ಪನ ಮನೆಗೆ ಹೊರಟರು. ಗಾಡಿಯಲ್ಲಿ ಯಾರೂ ವಾದ ಮಾಡಲಿಲ್ಲ.

ಗಂಗಮ್ಮ ಬಾಗಿಲಲ್ಲೇ ನಿಂತಿದ್ದರು. "ಎಂತಕ್ಕೆ ಬಂದ್ರಿ? ಬರದು ಬ್ಯಾಡ ಇನ್ನು. ಭಾನುವಾರ ಮದಿವೆ ಮನೆ ಹಂಗೆ ಬಂದ್ರಿ. ಆಮೇಲೆ ಒಂದು ನರಪಿಳ್ಳೆ ಇಲ್ಲ. ಮೈ ಸುಡ್ತಾ ಐತೆ ಅವರಿಗೆ. ನಂಗೆ ಕಣ್ಣು ಕಾಣದಿದ್ರೂ ಮೂಗಿಲ್ವಾ?"

ಬಾಯಿ ಅಲ್ಲಿಯವರೆಗೆ ಯಾರ ಮನೆಯಲ್ಲೂ ಕಾರಣ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಅಂದೂ ಹೇಳಲಿಲ್ಲ. "ತಪ್ಪಾಯ್ತು ಗಂಗಮ್ಮ. ಬೈಯಿ, ಆದ್ರೆ ಒಳಗೆ ಬಿಟ್ಟು ಬೈಯಿ. ಜ್ವರ ನೋಡ್ತೀನಿ" ಎಂದರು. ನಾನು ಹಿಂದಿನಿಂದ, "ತಪ್ಪು ಇವರದ್ದಲ್ಲ, ನಂದು" ಎಂದೆ. ಗಂಗಮ್ಮ ನನ್ನ ಧ್ವನಿಯ ಕಡೆ ತಿರುಗಿ, ಬಾಗಿಲು ಬಿಟ್ಟು ಸರಿದರು.

ಒಳಗೆ ಹುಚ್ಚಪ್ಪ ಅಂದು ಮಿಕ್ಸಿನ ಮಾತು ಕೇಳಲಿಲ್ಲ. ಬಾಯಿ ಕಾಲುಗುರನ್ನೂ ನೋಡಲಿಲ್ಲ, ನೇರ ಬೆನ್ನಿಗೇ ಹೋದರು. ಕಟ್ಟು ಬಿಚ್ಚಿದಾಗ ನನಗೆ ಅಲ್ಲಿ ನಿಲ್ಲಲು ಕಷ್ಟವಾಯಿತು. ಬಾಯಿ ಹುಣ್ಣು ತೊಳೆದು, ಸುವಾರ್ತಮ್ಮನ ಹತ್ತಿರ ಹೊಲಿಗೆಯ ಬಿಳಿ ನೂಲು ಕೇಳಿ ತೆಗೆದುಕೊಂಡರು. ಹುಣ್ಣಿಗೆ ತಾಗದಂತೆ ನೂಲನ್ನು ಮೇಲೆ ಹಿಡಿದು, ಈ ಅಂಚಿನಿಂದ ಆ ಅಂಚಿಗೆ ಅಳೆದು ಕತ್ತರಿಸಿದರು. ಅದನ್ನು ನನ್ನ ಕೈಗೆ ಕೊಟ್ಟರು.

"ನಿನ್ನ ಪುಸ್ತಕದಲ್ಲಿ ಚರ್ಚಿಂದು ಒಂದು ಕಾಲಂ ಉಂಟಲ್ಲ, ಅದನ್ನ ಹೊಡೆದು ಹಾಕು. ಆ ಜಾಗದಲ್ಲಿ ಇದನ್ನ ಅಂಟಿಸು. ಲೆಕ್ಕ ಬಿಡ್ಬೇಡ. ಇನ್ನು ಇದರ ಲೆಕ್ಕ ಇಡು."

ಥಾಮಸಣ್ಣನೇ ಹುಚ್ಚಪ್ಪನನ್ನು ಗಾಡಿಗೆ ಎತ್ತಿ ಹಾಕಿ, ಸುವಾರ್ತಮ್ಮ ಹಿಡಿದು ಕುಳಿತು, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಒಂಬತ್ತು ದಿನ ಇಟ್ಟುಕೊಂಡು ಕಳಿಸಿದರು. ಅಷ್ಟರಲ್ಲಿ ಬಾಯಿ ನಾಲ್ಕೂ ಚರ್ಚಿಗೆ ಹೋಗಿ ಬಂದಿದ್ದರು. ಅಲ್ಲಿ ಏನು ಮಾತಾಡಿದರೆಂದು ನನಗೆ ಗೊತ್ತಿಲ್ಲ. ಜನವರಿ ಮೊದಲ ವಾರಕ್ಕೆ ಹೊಸ ಜೋಡಿಗಳ ಪಟ್ಟಿ ಬಂತು. ಥಾಮಸಣ್ಣ ಮತ್ತು ಸುವಾರ್ತಮ್ಮನ ಹೆಸರು ಒಟ್ಟಿಗೆ ಇತ್ತು.

ಆ ನೂಲು ನನ್ನ ಪುಸ್ತಕದಲ್ಲಿ ಈಗಲೂ ಇದೆ, ನನ್ನ ನಡುಬೆರಳಿನಷ್ಟು ಉದ್ದ. ಅದರ ಕೆಳಗೆ ವಾರಕ್ಕೊಂದರಂತೆ ಮೂವತ್ತೊಂದು ನೂಲುಗಳಿವೆ. ಹನ್ನೊಂದನೆಯದು ಹತ್ತನೆಯದಕ್ಕಿಂತ ಉದ್ದ. ಆ ವಾರ ಹುಚ್ಚಪ್ಪನಿಗೆ ಮತ್ತೆ ಜ್ವರ ಬಂದಿತ್ತು. ಕೊನೆಯದು ಅಕ್ಕಿಕಾಳಿನಷ್ಟು. ಅದನ್ನು ಅಂಟಿಸುವಾಗ ಎರಡು ಸಲ ಬೆರಳಿಗೇ ಅಂಟಿಕೊಂಡಿತು. ಅದರ ಮುಂದಿನ ವಾರ ಅಳೆಯಲು ಏನೂ ಇರಲಿಲ್ಲ. ಹುಣ್ಣು ಮಾಯ್ದದ್ದನ್ನು ನೋಡಲು ಅಂದು ಬಾಯಿಯೂ ನಮ್ಮ ಜೊತೆ ಬಂದಿದ್ದರು. ಹುಚ್ಚಪ್ಪ ತಾವಾಗಿಯೇ, "ಎಂತಾದ್ರೂ ಪ್ರಾರ್ಥನೆ ಮಾಡೋದಿದ್ರೆ ಮಾಡ್ರಿ, ಕೇಳಾಣ" ಎಂದರು. ಬಾಯಿ ಸುವಾರ್ತಮ್ಮನಿಗೆ ಹೇಳಿದರು, "ನೀನೇ ಮಾಡು. ಸಣ್ಣದು." ಸುವಾರ್ತಮ್ಮ ಹನ್ನೆರಡು ನಿಮಿಷ ಮಾಡಿದರು.

ಈ ವರ್ಷ ಏಪ್ರಿಲ್ 27ರಂದು ಬಾಯಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲುತ್ತಿತ್ತು, ಆದರೆ ಕೇಳಿದರೆ ಅರ್ಥವಾಗುತ್ತಿತ್ತು. ಅವರ ಕೋಣೆ ನಮ್ಮ ಪಟ್ಟಿಯ ಹದಿನೇಳನೇ ಮನೆಯಾಯಿತು. ಪ್ರತಿದಿನ ಇಬ್ಬರು ಹೋದೆವು. ಒಂದು ದಿನವೂ ತಪ್ಪಲಿಲ್ಲ.

ನಾನು ಕೊನೆಯ ಸಲ ಹೋದದ್ದು ಜೂನ್ 8, ಭಾನುವಾರ, ಮಧ್ಯಾಹ್ನ 12 ಗಂಟೆ 15ಕ್ಕೆ. ಬಾಗಿಲು ತಳ್ಳುವಾಗಲೇ ಒಳಗಿಂದ ಕೇಳಿದರು.

"ನಿನ್ ಜೊತೆ ಯಾರು?"

"ಸುವಾರ್ತಮ್ಮ, ಬಾಯಿ."

"ಹಾಗಾದ್ರೆ ಬಾ."

ಹೊದಿಕೆಯ ತುದಿ ಎತ್ತಿ ಕಾಲುಗುರು ನೋಡಿದೆ. ಬಲಗಾಲಿನದು ನಾನು, ಎಡಗಾಲಿನದು ಸುವಾರ್ತಮ್ಮ ಕತ್ತರಿಸಿದೆವು. ಬಾಯಿ ಕಣ್ಣು ಮುಚ್ಚಿ ಮಲಗಿದ್ದರು, ನಿದ್ದೆ ಹತ್ತಿದೆ ಎಂದುಕೊಂಡೆ. "ಚೂರು ನೆಲಕ್ಕೆ ಬಿಡ್ಬೇಡಿ" ಎಂದರು. ನಾನು ಅವರ ಬಾಯಲ್ಲಿ ಕೇಳಿದ ಕೊನೆಯ ಮಾತು ಅದು. ಬುಧವಾರ ಬೆಳಿಗ್ಗೆ ತೀರಿಕೊಂಡರು.

ಗುರುವಾರದ ಅಂತ್ಯಕ್ರಿಯೆಗೆ ಥಾಮಸಣ್ಣ ಹುಚ್ಚಪ್ಪನನ್ನು ಓಮ್ನಿಯಲ್ಲಿ ಕರೆತಂದಿದ್ದರು, ಗಾಲಿಕುರ್ಚಿ ಹಿಂದೆ ಕಟ್ಟಿಕೊಂಡು. ಚರ್ಚಿನ ಅಂಗಳದಲ್ಲಿ ಹುಚ್ಚಪ್ಪ ನನ್ನನ್ನು ಹತ್ತಿರ ಕರೆದರು.

"ಅವರ ಕಾಲುಗುರು ಕತ್ತರಿಸಿದ್ರಾ?"

"ಕತ್ತರಿಸಿದ್ವಿ."

"ಯಾರು?"

"ನಾನು, ಸುವಾರ್ತಮ್ಮ."

"ಮಿಕ್ಸೇ ಹಂಗಾರೆ" ಎಂದು ಟವೆಲಿನಿಂದ ಮುಖ ಒರೆಸಿಕೊಂಡರು.

ನೀಲಿ ಬುಟ್ಟಿ ಈಗ ನನ್ನ ಬಳಿ ಇದೆ. ಅದರ ತಳದಲ್ಲಿ ಒಂದು ಹಳೆಯ ನೋಟ್‌ಬುಕ್ ಸಿಕ್ಕಿತು. ಬಾಯಿಯೂ ಬರೆದಿಡುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಮೊದಲ ಪುಟದಲ್ಲಿ ಇರುವುದು ಇಷ್ಟೇ: "ಮೊದಲ ಮನೆ. ತೀರ್ಥಹಳ್ಳಿ. ನಾನು, ಗ್ರೇಸಮ್ಮ." ದಿನಾಂಕವಿಲ್ಲ. ಮುಂದಿನ ನಲವತ್ತಾರು ಪುಟಗಳಲ್ಲಿ ಗ್ರೇಸಮ್ಮನ ಹೆಸರು ಮತ್ತೆ ಬರುವುದಿಲ್ಲ. ಸುವಾರ್ತಮ್ಮ ತೀರ್ಥಹಳ್ಳಿಯಲ್ಲಿ ಕೇಳಿ ನೋಡಿದರು. ಥಾಮಸಣ್ಣನೂ ಕೇಳಿದರು. ಯಾರಿಗೂ ತಿಳಿಯದು. ಜೋಡಿಯಾಗಿ ಹೋಗುವ ನಿಯಮ ಬಾಯಿಯದೋ, ಗ್ರೇಸಮ್ಮನದೋ, ಇಬ್ಬರೂ ಸೇರಿ ಮಾಡಿದ್ದೋ ನನ್ನ ಪುಸ್ತಕದಲ್ಲಿ ಬರೆಯಬೇಕಾಗಿದೆ. ಒಂದು ಸಾಲು ಖಾಲಿ ಬಿಟ್ಟಿದ್ದೇನೆ.

ತೀರ್ಥಹಳ್ಳಿಯ ಕಡೆ ಹಿಂದೆ ಇದ್ದ ಗ್ರೇಸಮ್ಮ ಎಂಬವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಅವರು ಎಲ್ಲಿದ್ದರು, ಸೆರಫಿನ್ ಬಾಯಿಗೆ ಹೇಗೆ ಪರಿಚಯ, ಆ ಮೊದಲ ಮನೆಯಲ್ಲಿ ಮಲಗಿದ್ದವರು ಯಾರು, ಅವರಿಗೆ ಗುಣವಾಯಿತೇ, ಇಷ್ಟು ತಿಳಿಸಿದರೆ ಸಾಕು. ಯಾವ ಚರ್ಚಿನವರು ಎಂದು ಬರೆಯುವುದು ಬೇಡ. ಆ ಕಾಲಂ ಈಗ ಇಲ್ಲ.