ಶಿವಾಜಿನಗರಕ್ಕೆ ಒಯ್ದ ಕೇಬಲ್

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಕೆ.ಆರ್. ಪುರದ ಮನೆ ಬಿಟ್ಟೆ. ಏಪ್ರಿಲ್ ಬಿಸಿಲು ಆಗಲೇ ಏರಿತ್ತು. ಚೀಲದಲ್ಲಿದ್ದದ್ದು ಕೈಯಲ್ಲಿ ಹಿಡಿದು ಆಡುವ ಹಳೆಯ ವಿಡಿಯೋ ಗೇಮ್, ನಾಲ್ಕು ಹೊಸ ಸೆಲ್ಲು, ನೀರಿನ ಬಾಟಲಿ. ಹೋಗಬೇಕಾಗಿದ್ದದ್ದು ಶಿವಾಜಿನಗರಕ್ಕೆ, ಸಲೀಮನ ಮನೆಗೆ. ಹೆಚ್ಚೆಂದರೆ ಹದಿಮೂರು ಕಿಲೋಮೀಟರ್. ಅಷ್ಟು ದೂರ ಹೊರಡಲು ನನಗೆ ಮೂರು ತಿಂಗಳು ಹಿಡಿದಿತ್ತು.

ಸಲೀಮ, ನಾನು ಹಲಸೂರಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಇಬ್ಬರ ಹತ್ತಿರವೂ ಒಂದೇ ತರಹದ ಗೇಮ್ ಇತ್ತು. ಎರಡನ್ನೂ ಒಂದು ಕೇಬಲ್‌ನಿಂದ ಜೋಡಿಸಿದರೆ ಒಂದೇ ಟ್ರ್ಯಾಕಿನಲ್ಲಿ ಇಬ್ಬರ ಕಾರುಗಳೂ ಓಡುತ್ತಿದ್ದವು. ಕೇಬಲ್ ಗಿಡ್ಡ, ಮೊಣಕಾಲಿಗೆ ಮೊಣಕಾಲು ತಾಗಿಸಿಯೇ ಕೂರಬೇಕು. ಎಷ್ಟು ಸಂಜೆಗಳು ಹಾಗೆ ಕಳೆದವೋ. ಆಮೇಲೆ ಅವನು ತಂದೆಯ ಹೊಲಿಗೆ ಅಂಗಡಿಯಲ್ಲಿ ಕೂತ, ನಾನು ಕೆ.ಆರ್. ಪುರದ ಒಂದು ಕಾರ್ಖಾನೆಯ ಸ್ಟೋರ್ ಸೇರಿದೆ. ಹಬ್ಬಕ್ಕೊಮ್ಮೆ ಫೋನ್, ಅಷ್ಟೆ.

ಜನವರಿಯಲ್ಲಿ ಅವನೇ ಫೋನ್ ಮಾಡಿದ. "ಶುಗರ್ ಕಣ್ಣಿಗೆ ಬಂದ್ಬಿಟ್ಟಿದೆ ಮಗಾ. ಎಡಗಣ್ಣು ಹೋಯ್ತು. ಬಲಗಣ್ಣಲ್ಲಿ ಸ್ವಲ್ಪ ಕಾಣತ್ತೆ. ಅದಿರೋವಾಗ್ಲೇ ಒಂದ್ಸಲ ಆಡೋಣ, ಬಾ."

"ಬರ್ತೀನಿ ಕಣೋ. ಕೇಬಲ್ ಕಳ್ದೋಗಿದೆ, ಹುಡುಕ್ತೀನಿ" ಅಂದೆ.

ಕೇಬಲ್ ಕಳೆದಿದ್ದದ್ದು ನಿಜ. ಹುಡುಕಿದ್ದು ಸುಳ್ಳು. ಆ ಸ್ಥಿತಿಯಲ್ಲಿ ಅವನನ್ನು ನೋಡಲು ನನಗೆ ಹೆದರಿಕೆಯಾಗಿತ್ತು. ಅವನು ವಾರಕ್ಕೊಮ್ಮೆ ಕೇಳುತ್ತಿದ್ದ, ನಾನು ಇನ್ನೂ ಸಿಕ್ಕಿಲ್ಲ ಎನ್ನುತ್ತಿದ್ದೆ. ಮಾರ್ಚ್‌ನಲ್ಲಿ ಅವನು ಕೇಳುವುದನ್ನು ನಿಲ್ಲಿಸಿದ. ಆ ಮೌನವನ್ನು ತಡೆಯಲಾರದೆ ಕೊನೆಗೆ, ಬರುತ್ತೇನೆಂದು ಫೋನ್ ಮಾಡಿ ಹೊರಟಿದ್ದೆ.

ಮೆಟ್ರೋದಲ್ಲಿ ನಿಂತೇ ಬಂದೆ. ಬೈಯಪ್ಪನಹಳ್ಳಿಯಲ್ಲಿ ಕಲಬುರಗಿ ಕಡೆಯ ಸಂಸಾರವೊಂದು ಮೂಟೆಗಳ ಸಮೇತ ಹತ್ತಿತು. ಇಂದಿರಾನಗರದಲ್ಲಿ ಅರ್ಧ ಬೋಗಿ ಖಾಲಿಯಾಯಿತು. ನಾನು ಹಲಸೂರಿನಲ್ಲಿ ಇಳಿದೆ. ಕಾರ್ಡಿನಿಂದ ಸುಮಾರು ನಲವತ್ತು ರೂಪಾಯಿ ಹೋಯಿತು. ಮಾರ್ಕೆಟ್ಟಿನ ಪಕ್ಕದ ಓಣಿಯಲ್ಲಿ ರೇಡಿಯೋ, ಫೋನು ರಿಪೇರಿ ಮಾಡುವ ಅಂಗಡಿಯೊಂದು ನಮ್ಮ ಕಾಲದಿಂದಲೂ ಇದೆ. ಒಳಗೆ ಕಾಲಿಟ್ಟಾಗಲೇ ಕಣ್ಣಿಗೆ ಬಿತ್ತು. ಗೋಡೆಯ ಮೊಳೆಗೆ, ಚಾರ್ಜರುಗಳ ಗೊಂಚಲಿನ ನಡುವೆ, ಅದೇ ಬೂದು ಬಣ್ಣದ ಕೇಬಲ್.

"ಇದು ಎಷ್ಟು ದಿನದಿಂದ ಇದೆ?" ಎಂದು ಕೇಳಿದೆ.

"ವರ್ಷ ಆಯ್ತು ಸಾರ್, ಜಾಸ್ತೀನೇ. ಯಾರೂ ಕೇಳೋರೇ ಇಲ್ಲ" ಎಂದ ಅಂಗಡಿಯ ಮುದುಕ, ತನ್ನ ಅಂಗಿಯಲ್ಲೇ ಅದರ ಧೂಳು ಒರೆಸಿ ಕೊಟ್ಟ.

ಇಡೀ ಕೆಲಸಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ.

ಅಲ್ಲಿಂದ ಆಟೋ ಹಿಡಿದೆ. ಕೆರೆಯ ಬದಿಯಿಂದ ಹೋಗುವಾಗ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ರಸೆಲ್ ಮಾರ್ಕೆಟ್ಟಿನ ಹತ್ತಿರ ಗಾಡಿ ಮುಂದಕ್ಕೆ ಹೋಗಲಿಲ್ಲ, ಇಳಿದು ನಡೆದೆ. ಬೇಕರಿಯಲ್ಲಿ ಸಲೀಮನಿಗಿಷ್ಟವಾದ ಸಿಹಿ ದಿಲ್‌ಪಸಂದ್ ಕೇಳಿದವನು ಅವನ ಕಾಯಿಲೆ ನೆನಪಾಗಿ ಖಾರಾ ಬನ್ ಕಟ್ಟಿಸಿಕೊಂಡೆ.

ಬಟ್ಟೆ ಅಂಗಡಿಯೊಂದರ ಮೇಲೆ ಅವನ ಮನೆ. ಬೀದಿಯಿಂದಲೇ ಏರುವ ಕಡಿದಾದ ಮೆಟ್ಟಿಲು. ಅವನ ಹೆಂಡತಿ ಫರ್ಜಾನಾ ಬಾಗಿಲು ತೆರೆದರು. ಹೊಲಿಗೆ ಮಿಷನ್ನಿಗೆ ಬೆಡ್‌ಶೀಟ್ ಹೊದಿಸಿ ಮೂಲೆಗೆ ಸರಿಸಿದ್ದರು. ಸಲೀಮ ಮಂಚದ ಮೇಲೆ ಕೂತು ಬಾಗಿಲ ಕಡೆಗೆ ನಗುತ್ತಿದ್ದ. ಬನ್ನಿನ ಪೊಟ್ಟಣ ಚಾಚಿದೆ. ಅವನ ಕೈ ಮುಂದಕ್ಕೆ ಬರಲಿಲ್ಲ. ನಾನು ಚಾಚಿಕೊಂಡೇ ನಿಂತಿದ್ದೆ. ಫರ್ಜಾನಾ ಅದನ್ನು ಮೆಲ್ಲಗೆ ತೆಗೆದುಕೊಂಡು, "ಇವ್ರು ನಿಮ್ಗೆ ಹೇಳಿಲ್ವಾ ಅಣ್ಣಾ?" ಎಂದರು.

"ಹೋದ್ ತಿಂಗ್ಳೇ ಇನ್ನೊಂದೂ ಹೋಯ್ತು" ಎಂದ ಸಲೀಮ. "ಹೇಳಿದ್ರೆ ನೀನು ಬರ್ತಾನೇ ಇರ್ಲಿಲ್ಲ."

ನಾನು ಚೀಲ ಬಿಚ್ಚಿ ಗೇಮ್ ಹೊರತೆಗೆದೆ.

"ಕೇಬಲ್ ತಂದ್ಯಾ?" ಎಂದು ಕೈ ಚಾಚಿದ. ಕೊಟ್ಟೆ. ಹೆಬ್ಬೆರಳಿನಿಂದ ಅದರ ತುದಿ ಸವರಿ ಯಾವ ಕಡೆ ಮೇಲೆ ಎಂದು ತಿಳಿದುಕೊಂಡು, ದಿಂಬಿನ ಪಕ್ಕದಿಂದ ತನ್ನ ಗೇಮ್ ಎತ್ತಿ ಸಿಕ್ಕಿಸಿಬಿಟ್ಟ. ನಾನು ಇನ್ನೂ ಸೆಲ್ ಹಾಕುತ್ತಿದ್ದೆ.

ಮೊಣಕಾಲು ತಾಗಿಸಿ ಕೂತೆವು. ಮೊದಲ ತಿರುವನ್ನು ಅವನು ಸರಿಯಾಗಿಯೇ ತಿರುಗಿಸಿದ. ಬೆರಳಿಗೆ ಟ್ರ್ಯಾಕ್ ನೆನಪಿತ್ತು. ಎರಡನೆಯದರಲ್ಲಿ ಗೋಡೆಗೆ ಹೊಡೆದ. ಹಿಂದೆ ಬಂದು ಮತ್ತೆ ಹೊಡೆದ, ಮತ್ತೆ. ಆ ಸದ್ದು ಕೇಳಲಾರದೆ ಫರ್ಜಾನಾ ಒಳಗೆ ಹೋದರು. ನಾನು ನನ್ನ ಕಾರನ್ನು ನಿಧಾನ ಮಾಡಿದೆ.

"ನಿಂತ್ಕೊಂಡ್ಯಾ?" ಎಂದ. ನನ್ನ ಗೇಮಿನ ಸದ್ದು ಇಳಿದದ್ದು ಅವನಿಗೆ ಕೇಳಿಸಿತ್ತು.

"ಇಲ್ಲ ಕಣೋ."

"ಸುಳ್ಳು ಹೇಳ್ಬೇಡ. ಮೂರು ತಿಂಗ್ಳು ಹೇಳಿದ್ದು ಸಾಕು. ಓಡ್ಸು."

ಓಡಿಸಿದೆ. ಮೂರು ಸುತ್ತು ಮುಗಿಸಿ ಗೆದ್ದೆ. ಗೆದ್ದಾಗ ಬರುವ ಸಂಗೀತ ಪೂರ್ತಿ ಮೊಳಗಿತು. ಅವನ ಹೆಬ್ಬೆರಳು ಬಟನ್ ಮೇಲೆಯೇ ಇತ್ತು.

"ತಪ್ಪಾಯ್ತು ಸಲೀಂ" ಅಂದೆ.

"ಜನವರೀಲಿ ಬಂದಿದ್ರೆ ನಾನೇ ಗೆಲ್ತಿದ್ದೆ" ಎಂದನೇ ಹೊರತು, ಪರವಾಗಿಲ್ಲ ಎಂದು ಹೇಳಲಿಲ್ಲ.

ಚಹಾ ಕುಡಿದೆವು. ಎರಡು ಗಂಟೆಗೆ ನಾನೆದ್ದಾಗ ಅವನು ಕೇಬಲ್ ಕಿತ್ತು ಸುತ್ತಿ ನನ್ನ ಕೈಗಿಟ್ಟ. ಇಲ್ಲೇ ಇರಲಿ, ಮುಂದಿನ ಭಾನುವಾರ ಬರುತ್ತೇನೆ ಅಂದೆ.

"ಬೇಡ, ತಗೊಂಡ್ಹೋಗು" ಎಂದ. "ಇಲ್ಲಿದ್ರೆ ನಿನ್ ದಾರಿ ಕಾಯ್ತಾ ಕೂತ್ಕೋತೀನಿ."

ಗೋಡೆ ಹಿಡಿದುಕೊಂಡು ಮೆಟ್ಟಿಲ ತಲೆಯವರೆಗೆ ಬಂದ. ನಾನು ಇಳಿದು, ಕೆಳಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ತಲೆಯೆತ್ತಿ ನೋಡಿದೆ. ಆಗಲೇ ದೂರ ಹೋಗಿರಬೇಕೆಂದುಕೊಂಡನೋ ಏನೋ, ನಾನು ಹೋಗಲಿದ್ದ ಬಸ್ ಸ್ಟ್ಯಾಂಡಿನ ಕಡೆ ಮುಖಮಾಡಿ ಕೈ ಬೀಸುತ್ತಿದ್ದ. ಇಲ್ಲೇ ಕೆಳಗೆ ಇದ್ದೇನೆಂದು ಕೂಗಿ ಹೇಳಬಹುದಿತ್ತು. ಅವನು ಕೈ ಇಳಿಸಿ, ತಡಕಾಡಿ ಬಾಗಿಲು ಹುಡುಕಿ ಒಳಗೆ ಹೋಗುವವರೆಗೂ ಸದ್ದು ಮಾಡದೆ ಅಲ್ಲೇ ನಿಂತಿದ್ದೆ.