ನಾಡಿ ಡಾಕ್ಟರು

ನಮ್ಮ ರೇಡಿಯೊ ದೂರದರ್ಶಕ ಕೇಂದ್ರದಲ್ಲಿ ಪಲ್ಸಾರ್‌ಗಳ, ಎಂದರೆ ಗಡಿಯಾರದಂತೆ ತಪ್ಪದೆ ಮಿಡಿಯುವ ನಕ್ಷತ್ರಗಳ, ಮಿಡಿತ ಅಳೆಯುವ ಹಿರಿಯ ವಿಜ್ಞಾನಿಯೊಬ್ಬರಿಗೆ ನಾವಿಟ್ಟ ಹೆಸರು ನಾಡಿ ಡಾಕ್ಟರು. ಕೋಣೆಗೆ ಕಾಲಿಟ್ಟವರೇ "ಫೋನ್ ಆಫ್ ಮಾಡಿ ಡಬ್ಬಕ್ಕೆ ಹಾಕಿ!" ಎನ್ನುತ್ತಾರೆ, ಬಾಗಿಲ ಬಳಿಯ ತಗಡಿನ ಡಬ್ಬಕ್ಕೆ ಮೊದಲು ಬೀಳುವುದು ಅವರದೇ ಫೋನು. ಇಲ್ಲದಿದ್ದರೆ ಅದರ ಗದ್ದಲದಲ್ಲಿ ನಕ್ಷತ್ರದ ದನಿ ಅಡಗಿಹೋಗುತ್ತದಂತೆ. ನಿರ್ದೇಶಕರ ಎಲೆಕ್ಟ್ರಿಕ್ ರೇಜರ್ ಮೇಲೂ ಅನುಮಾನ ಬಂದು, "ಅರ್ಧ ಗಡ್ಡಕ್ಕೇ ನಿಲ್ಲಿಸಿ ಸಾರ್" ಎಂದು ಅವರ ಬಾಗಿಲು ಬಡಿದದ್ದೂ ಉಂಟು. ಪಕ್ಕದ ಕೋಣೆಯಲ್ಲಿ ಕಪ್ಪುಕುಳಿಗಳನ್ನು, ಎಂದರೆ ಹತ್ತಿರ ಬಂದದ್ದನ್ನೆಲ್ಲ ನುಂಗುವ ಬ್ಲ್ಯಾಕ್ ಹೋಲ್‌ಗಳನ್ನು, ಅಧ್ಯಯನ ಮಾಡುವವರನ್ನು ಕಂಡರೆ ಅವರಿಗೆ ಆಗದು: "ನಿಮ್ಮವು ತಿನ್ನೋವಾಗ ಮಾತ್ರ ಗಲಾಟೆ ಮಾಡ್ತವೆ. ನಮ್ಮವು ಕೊಟ್ಟ ಮಾತಿಗೆ ತಪ್ಪಲ್ಲ." ಯಾರಾದರೂ ನಕ್ಷತ್ರ ಅಲ್ಲಿ "ಇದೆ" ಎಂದರೆ ಸಾಕು, ಹರಿಹಾಯುತ್ತಾರೆ: "ಇತ್ತು ಅನ್ನಿ! ಈಗ ಬಂದಿರೋದು ಸಾವಿರಾರು ವರ್ಷದ ಹಳೇ ಸುದ್ದಿ. ಇದೆಯೋ ಇಲ್ವೋ ಯಾರು ಕಂಡ್ರು?" ನಮ್ಮ ವರದಿಗಳಲ್ಲಿ "ಇದೆ"ಯನ್ನು "ಇತ್ತು" ಮಾಡಿ ಮಾಡಿ ಅವರ ಕೆಂಪು ಪೆನ್ನು ಸವೆದಿದೆ. ಕಳೆದ ವರ್ಷ ಆಸ್ಪತ್ರೆಯಲ್ಲಿದ್ದ ಅವರ ಹೆಂಡತಿ ಒಂದು ದಿನ ಮಧ್ಯಾಹ್ನವೇ ತೀರಿಕೊಂಡರು; ಮಗಳು ಮಾಡಿದ ಕರೆಗಳೆಲ್ಲ ಡಬ್ಬದ ಹೊರಗೇ ಉಳಿದವು. ಸಂಜೆ ಮುಚ್ಚಳ ತೆಗೆಯುವವರೆಗೂ, "ಮನೆಯವ್ರು ಹೇಗಿದ್ದಾರೆ ಸಾರ್?" ಎಂದವರಿಗೆಲ್ಲ "ಪರವಾಗಿಲ್ಲ, ಗೆಲುವಾಗಿದ್ದಾಳೆ" ಎನ್ನುತ್ತಲೇ ಇದ್ದರು. ಈಗಲೂ ಡಬ್ಬಕ್ಕೆ ಮೊದಲು ಬೀಳುವುದು ಅವರ ಫೋನೇ. ಸಂಜೆ ಮುಚ್ಚಳ ತೆಗೆಯಲು ಮಾತ್ರ ಕೈ ಏಳುವುದಿಲ್ಲ, ನಾವೇ ತೆಗೆದುಕೊಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರು ಮನೆಯವರ ಬಗ್ಗೆ ವಿಚಾರಿಸಿದರೆ, "ಇದ್ದಾಳೆ" ಎನ್ನುತ್ತಾರೆ. ನಾವು ಯಾರೂ ತಿದ್ದುವುದಿಲ್ಲ.