ದೊಡ್ಡಪ್ಪನ ಟ್ರ್ಯಾಕ್ಟರಿನ ಸದ್ದು

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಇದ್ದದ್ದು ಒಂದೇ ಟ್ರ್ಯಾಕ್ಟರು. ಅದು ನಮ್ಮ ದೊಡ್ಡಪ್ಪನದು. ಸೊರಬದ ಕಡೆ ಆಗ ಉಳುಮೆ ಎಂದರೆ ಎತ್ತು, ಕೋಣ. ದೊಡ್ಡಪ್ಪ ಟ್ರ್ಯಾಕ್ಟರು ಹತ್ತಿ ಗದ್ದೆಗೆ ಇಳಿದರೆ ಜಡೆ ಊರಿನ ದಾರಿಯಲ್ಲಿ ಹೋಗುವವರೂ ನಿಂತು ನೋಡುತ್ತಿದ್ದರು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಸಂಜೆ ಹೊತ್ತು ಅವರ ತೊಡೆ ನನ್ನದೇ. ಅವರ ಪಂಚೆಗೆ ಯಾವಾಗಲೂ ಎಣ್ಣೆ ಮತ್ತು ಹಸಿ ಮಣ್ಣಿನ ವಾಸನೆ.

ಒಂದು ಬೇಸಿಗೆಯಲ್ಲಿ ದೊಡ್ಡಪ್ಪ ಹೊಲದಲ್ಲೇ ತೀರಿಕೊಂಡರು. ಎದೆನೋವು ಬಂದು, ಇಳಿದು ಹೊನ್ನೆಮರದ ನೆರಳಿನಲ್ಲಿ ಕೂತವರು ಮತ್ತೆ ಏಳಲಿಲ್ಲ. ಎಂಜಿನ್ ಮಾತ್ರ ಓಡುತ್ತಲೇ ಇತ್ತು. ನೀರಿನ ಕೊಳವೆ ಸೋರಿ, ನೀರೆಲ್ಲ ಬತ್ತಿ, ಎಂಜಿನ್ ಕಾದು ಒಳಗೊಳಗೇ ಕಚ್ಚಿಕೊಂಡು ನಿಂತುಹೋಯಿತು.

ಹಾಗೆ ಟ್ರ್ಯಾಕ್ಟರು ಅಪ್ಪನ ಪಾಲಿಗೆ ಬಂತು. ಕೋಣ ಕಟ್ಟಿ ಎಳೆತಂದು ಹಿತ್ತಲಿನಲ್ಲಿ ನಿಲ್ಲಿಸಿದರು. ಮಳೆಗಾಲ ಕಳೆಯುವಷ್ಟರಲ್ಲಿ ಸೋರೆಬಳ್ಳಿ ಗಾಲಿಯನ್ನು ಹತ್ತಿತು, ಸೀಟಿನಲ್ಲಿ ಬೆಕ್ಕು ಮರಿ ಹಾಕಿತು. ಅಪ್ಪನಿಗೆ ಅದನ್ನು ರಿಪೇರಿ ಮಾಡಿಸುವ ಆಸೆ. ಊರಾಚೆಯ ಬೀಳು ನೆಲವನ್ನು ಗದ್ದೆ ಮಾಡಬೇಕೆಂದು ದೊಡ್ಡಪ್ಪ, ಅಪ್ಪ ಇಬ್ಬರೂ ಅಂದುಕೊಂಡಿದ್ದರು. ಎತ್ತುಗಳಿಂದ ಅದು ಆಗುವ ಮಾತಲ್ಲ. ಆದರೆ ದೊಡ್ಡಮ್ಮನ ಎದುರು ಆ ಮಾತೆತ್ತಲು ಅಪ್ಪನಿಗೆ ಬಾಯೇ ಬರುತ್ತಿರಲಿಲ್ಲ.

ಕೊನೆಗೆ ಒಂದು ದಿನ ಶಿಕಾರಿಪುರದಿಂದ ರಿಪೇರಿ ಮಾಡುವವರೊಬ್ಬರನ್ನು ಕರೆಸಿದರು. ಅವರು ಬೆಳಿಗ್ಗೆಯೇ ಎಂಜಿನ್ನಿನೊಳಕ್ಕೆ ಎಣ್ಣೆ ಸುರಿದು ನೆನೆಯಲು ಬಿಟ್ಟರು. ಮಧ್ಯಾಹ್ನ ಅವರೂ ಅಪ್ಪನೂ ಸೇರಿ ಮುಂದಿನ ಹ್ಯಾಂಡಲ್ಲಿಗೆ ಮೈಭಾರವೆಲ್ಲ ಹಾಕಿ ತಿರುಗಿಸಿದರು. ಅಪ್ಪನ ಕುತ್ತಿಗೆಯ ನರ ಉಬ್ಬಿತು. ಒಳಗೆಲ್ಲೋ ‘ಕಟ್’ ಎಂದಿತು.

“ಅಲುಗಾಡ್ತು ನೋಡ್ರೀ! ಇನ್ನೂ ಜೀವ ಐತಿ. ಪಿಸ್ಟನ್ ಬದ್ಲಿಸಿದ್ರೆ ಮೊದಲಿನಂಗೇ ಓಡತೈತಿ!” ಎಂದರು ರಿಪೇರಿಯವರು.

ದೊಡ್ಡಪ್ಪ ಹೋದ ಮೇಲೆ ಅಪ್ಪ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ಅಕ್ಕನೂ ನಾನೂ ಚಪ್ಪಾಳೆ ತಟ್ಟಿದೆವು.

ಸದ್ದು ಕೇಳಿ ದೊಡ್ಡಮ್ಮ ಹಿತ್ತಿಲ ಬಾಗಿಲಿಗೆ ಬಂದರು. ಕೈಯಲ್ಲಿ ಅಕ್ಕಿಯ ಮೊರ ಹಾಗೇ ಇತ್ತು.

“ತಮ್ಮ, ಒಂದು ಮಾತು ಹೇಳ್ತೀನಿ. ಅವತ್ತು ಇದರ ಸದ್ದು ನಿಂತಾಗ, ಉಳುಮೆ ಮುಗೀತು, ಇನ್ನೇನು ಬರ್ತಾರೆ ಅಂತ ನಾನು ಅನ್ನಕ್ಕೆ ಎಸರಿಟ್ಟೆ. ಅನ್ನ ಆಯ್ತು. ಬಾಗಿಲಿಗೆ ಬಂದು ನಿಂತೆ.”

ಅಪ್ಪ ತಲೆ ತಗ್ಗಿಸಿದರು.

“ಇದನ್ನ ಮತ್ತೆ ಓಡಿಸಿದ್ರೆ ದಿನಾ ಒಂದು ಹೊತ್ತಿಗೆ ಸದ್ದು ನಿಲ್ಲತ್ತಲ್ಲ, ಆಗ ನಾನು ಏನು ಮಾಡ್ಲಿ?”

ಸೀಟಿನಲ್ಲಿ ಬೆಕ್ಕಿನ ಮರಿಗಳು ಕೂಗುತ್ತಿದ್ದವು. ಅಪ್ಪ ಹ್ಯಾಂಡಲ್ಲನ್ನು ನೆಲಕ್ಕಿಟ್ಟು, “ಆಯ್ತು ಅತ್ತಿಗೆ, ಬೇಡ ಬಿಡಿ,” ಎಂದರು.

ಊರಿನಲ್ಲೇ ಟ್ರ್ಯಾಕ್ಟರನ್ನು ಕೊಳ್ಳಲು ಕೇಳಿದವರಿದ್ದರು. ಅಪ್ಪ ಕೊಡಲಿಲ್ಲ. ಶಿಕಾರಿಪುರದಾಚೆಯ ಯಾರಿಗೋ ಕೊಟ್ಟರು, ಅದರ ಸದ್ದು ನಮ್ಮ ಮನೆಗೆ ಕೇಳಿಸದಷ್ಟು ದೂರ. ಬೀಳು ನೆಲ ಬೀಳಾಗಿಯೇ ಉಳಿಯಿತು. ಆ ಕಡೆ ಹೋದಾಗಲೆಲ್ಲ ಅಪ್ಪ ಕೊಂಚ ಹೊತ್ತು ನಿಂತು ನೋಡುತ್ತಿದ್ದರು. ದೊಡ್ಡಮ್ಮನ ಮುಂದೆ ಮಾತ್ರ ಒಂದು ದಿನವೂ ಆ ಮಾತು ಆಡಲಿಲ್ಲ.

ಈಗ ಅದೇ ಊರಿನಲ್ಲಿ ಎಷ್ಟೊಂದು ಟ್ರ್ಯಾಕ್ಟರುಗಳು! ಯಾವುದು ಯಾರದೆಂದು ಯಾರೂ ಕಿವಿಗೊಡುವುದಿಲ್ಲ. ಮೊಮ್ಮಕ್ಕಳೇ, ನಿಮ್ಮಪ್ಪ ಬರುವುದು ತಡವಾದರೆ ನೀವು ಫೋನ್ ಮಾಡಿ “ಎಲ್ಲಿದ್ದೀಯಪ್ಪಾ?” ಎನ್ನುತ್ತೀರಿ. “ಬಂದೆ” ಎಂದು ಅವನು ಹೇಳಿದ ಕೂಡಲೇ ಆಟಕ್ಕೆ ಓಡುತ್ತೀರಿ. ಆ ಒಂದು ಮಾತು ಎಷ್ಟು ದೊಡ್ಡದೆಂದು ನಿಮಗೆ ಗೊತ್ತಿಲ್ಲ. ಗೊತ್ತಾಗದೇ ಇರಲಿ.